ಹೋದ ಸಲದ ಉಪಕಾರ

ಸೆವೆರೀನಾ ಸ್ಕೋರ್ಪನ್ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಆದರೆ ಯೋಗ್ಯತೆ ಇದ್ದವರೇ ಬರೆಯಲಿ ಎಂದು ಕಾದರೆ ನಮ್ಮ ಓರ್ವಿಕ್ ಊರಿನಲ್ಲಿ ಒಂದು ಹಾಳೆಯೂ ಖರ್ಚಾಗುವುದಿಲ್ಲ. ನಾನು ಸೀವರ್ಟ್, ದೋಣಿ ಕಟ್ಟುವವನು. ಜರ್ಮನರು ನಾರ್ವೆಯಲ್ಲಿ ಬೀಡುಬಿಟ್ಟಿದ್ದ ಐದು ವರ್ಷಗಳಲ್ಲಿ ನಾನು ಮಾಡಿದ ದೇಶಸೇವೆ ಏನೆಂಬುದು ಸಭಾಮನೆಯ ಗೋಡೆಯ ಮೇಲಿನ ಸನ್ಮಾನಪಟ್ಟಿಯಲ್ಲಿ, ಗಾಜಿನ ಹಿಂದೆ, ಚೆಂದದ ಅಕ್ಷರಗಳಲ್ಲಿ ಇದೆ. ಶತ್ರುವಿನ ದೋಣಿಯನ್ನು ಹಾಳುಗೆಡವಿದ ವೀರ ಎಂದು ಬರೆದಿದ್ದಾರೆ. ನಡೆದದ್ದು ಇಷ್ಟೇ: ಅವರ ಕಾವಲು ದೋಣಿ ರಿಪೇರಿಗೆ ಬಂದಾಗ ಐದು ಮೊಳೆ ಹೊಡೆಯಬೇಕಾದ ಕಡೆ ನಾನು ಮೂರು ಹೊಡೆದೆ. ಯುದ್ಧಕಾಲ, ಮೊಳೆ ಸಿಗುತ್ತಿರಲಿಲ್ಲ. ಆ ಇಲ್ಲದ ಎರಡು ಮೊಳೆಗಳಿಂದಲೇ ಜರ್ಮನಿ ಸೋತಿತು ಎಂದು ಈಗ ನನ್ನ ಮೊಮ್ಮಕ್ಕಳು ಶಾಲೆಯಲ್ಲಿ ಹೇಳಿಕೊಂಡು ಬರುತ್ತಾರೆ. ನಾನೂ ಬೇಡ ಅನ್ನುವುದಿಲ್ಲ.

ಆ ಪಟ್ಟಿಯಲ್ಲಿ ನಲವತ್ತೊಂದು ಹೆಸರುಗಳಿವೆ. ಸೆವೆರೀನಾಳದು ಇಲ್ಲ. ಯಾಕಿಲ್ಲ ಎಂದು ಹೇಳುವುದಕ್ಕೇ ಇದನ್ನು ಬರೆಯಲು ಕೂತೆ.

ಅವಳು ಅಡುಗೆಯಾಕೆ. ಹೋಟೆಲಿನ ಅಡುಗೆಯಲ್ಲ; ಮದುವೆ, ತೊಟ್ಟಿಲು, ಸಾವು, ಈ ಮೂರಕ್ಕೆ ಕರೆಸುವ ಅಡುಗೆಯಾಕೆ. ಗಂಡ ಮೂವತ್ತೊಂದನೆಯ ಇಸವಿಯಲ್ಲಿ ಹೆರಿಂಗ್ ಮೀನಿನ ಹಿಂದೆ ಹೋಗಿ ಸಮುದ್ರದಲ್ಲೇ ಉಳಿದ. ಮಕ್ಕಳಿರಲಿಲ್ಲ. ಊರಿಗಿಂತ ಮೇಲೆ, ಬೆಟ್ಟದ ಅಂಚಿನ ಕಟ್ಟಕಡೆಯ ಮನೆಯಲ್ಲಿ ಏಳು ಕುರಿ, ಒಂದು ಹಸು, ಒಂದಷ್ಟು ಕೋಳಿಗಳ ಜೊತೆ ಇದ್ದಳು. ಅವಳ ಹತ್ತಿರ ಒಂದು ತಾಮ್ರದ ಹಂಡೆ ಇತ್ತು, ಇನ್ನೂರು ಜನಕ್ಕೆ ಹುಳಿಕೆನೆಯ ಗಂಜಿ ಬೇಯುವಷ್ಟು ದೊಡ್ಡದು. ನಮ್ಮಲ್ಲಿ ಮದುವೆಗೆ ಕರೆದವರೆಲ್ಲ ಮನೆಯಿಂದ ಏನಾದರೂ ತರಬೇಕು. ಬೆಣ್ಣೆ, ಕೆನೆ, ಒಣಗಿಸಿದ ಕುರಿಮಾಂಸ, ಯಾವುದಾದರೂ ಸರಿ. ಅದನ್ನೆಲ್ಲ ಬಾಗಿಲಲ್ಲಿ ನಿಂತು ತೆಗೆದುಕೊಳ್ಳುವವಳು ಅಡುಗೆಯಾಕೆ. ಹೀಗಾಗಿ ಊರಿನಲ್ಲಿ ಯಾರ ಕೆನೆಗೆ ನೀರು ಬಿದ್ದಿದೆ, ಯಾರ ಬೆಣ್ಣೆ ಮೇಲೆ ಹೊಸದು ಒಳಗೆ ಹಳೆಯದು, ಎಲ್ಲವೂ ಸೆವೆರೀನಾಳಿಗೆ ಗೊತ್ತಿತ್ತು. ಅವಳು ಒಬ್ಬರದ್ದನ್ನೂ ಬಾಯಿಬಿಟ್ಟವಳಲ್ಲ. ಆದರೆ ಅವಳಿಗೆ ಗೊತ್ತಿದೆ ಎಂಬುದೇ ನಮಗೆ ಸಾಕಷ್ಟು ಉರಿಯಾಗಿತ್ತು.

ಇನ್ನು ನಮ್ಮವರ ಉಪಕಾರದ ಹುಚ್ಚು ಒಂದಿದೆ. ಉಂಡರೆ ಉಪಕಾರ ಹೇಳಬೇಕು, ಕಾಫಿ ಕುಡಿದರೆ ಹೇಳಬೇಕು, ಜೊತೆಗೆ ಕೆಲಸ ಮಾಡಿ ಮನೆಗೆ ಹೊರಟರೆ ಈ ದಿನಕ್ಕೆ ಉಪಕಾರ ಎಂದು ಹೇಳಬೇಕು. ಎಲ್ಲಕ್ಕೂ ಮೇಲಿನದು ಹೋದ ಸಲದ ಉಪಕಾರ. ಯಾರ ಜೊತೆಗಾದರೂ ಒಮ್ಮೆ ಕೂತು ತಿಂದಿದ್ದರೆ, ಮುಂದಿನ ಸಲ ಎಲ್ಲೇ ಎದುರಾಗಲಿ, ಬಾಯಿಂದ ಬರುವ ಮೊದಲ ಮಾತು ‘ಹೋದ ಸಲದ್ದಕ್ಕೆ ಉಪಕಾರ’. ಅದನ್ನು ಬಿಟ್ಟು ಬೇರೆ ಮಾತು ತೆಗೆದವನನ್ನು ದನ ಅನ್ನುತ್ತಾರೆ. ನನ್ನ ಅಜ್ಜನಿಗೂ ಅವನ ತಮ್ಮನಿಗೂ ಬೇಲಿಯ ವ್ಯಾಜ್ಯವಿತ್ತು. ಕೋರ್ಟಿನಲ್ಲಿ ಎದುರುಬದುರು ನಿಂತಾಗ ಮೊದಲು ಕ್ರಿಸ್‌ಮಸ್ ಊಟಕ್ಕೆ ಪರಸ್ಪರ ಉಪಕಾರ ಹೇಳಿಕೊಂಡು, ಆಮೇಲೆ ಒಬ್ಬರನ್ನೊಬ್ಬರು ಕಳ್ಳ ಎಂದು ಕರೆದರಂತೆ. ಈ ಪಾಠವನ್ನು ಊರಿನ ಎರಡು ತಲೆಮಾರಿಗೆ ಕಲಿಸಿದವಳು ಸೆವೆರೀನಾ. ಮದುವೆಮನೆಯಲ್ಲಿ ಉಪಕಾರ ಹೇಳದ ಮಗುವಿಗೆ ಅವಳ ಸೌಟಿನಿಂದ ಎರಡನೆಯ ಸಲ ಗಂಜಿ ಬೀಳುತ್ತಿರಲಿಲ್ಲ. ನನಗೂ ಬಿದ್ದಿಲ್ಲ.

ನಲವತ್ತನೆಯ ಇಸವಿಯ ವಸಂತದಲ್ಲಿ ಜರ್ಮನರು ಬಂದರು. ಮೂವತ್ತನಾಲ್ಕು ಜನ, ನಮ್ಮ ಶಾಲೆಯಲ್ಲಿ ಇಳಿದುಕೊಂಡರು. ಊರು ಸೇರಿ ಒಂದು ತೀರ್ಮಾನ ಮಾಡಿತು: ಅವರ ಜೊತೆ ಯಾರೂ ಮಾತಾಡಬಾರದು, ಪಕ್ಕದಲ್ಲಿ ಕೂರಬಾರದು, ಮುಖ ನೋಡಬಾರದು. ಇದರಿಂದ ನಮಗೇನೂ ಕಷ್ಟವಾಗಲಿಲ್ಲ. ನಾವು ಪಕ್ಕದ ಊರಿನವರ ಜೊತೆಗೂ ಮಾತಾಡುವವರಲ್ಲ. ಪಾಪ, ಇದು ಇಲ್ಲಿನವರ ಸ್ವಭಾವ ಎಂದುಕೊಂಡು ಆ ಸೈನಿಕರು ಒಂದು ವರ್ಷದವರೆಗೂ ನಾವು ಪ್ರತಿಭಟಿಸುತ್ತಿದ್ದೇವೆ ಎಂಬುದನ್ನೇ ಗಮನಿಸಲಿಲ್ಲ. ಅಂಗಡಿಯವನು ಒಂದು ಮಾತೂ ಆಡದೆ ಅವರಿಗೆ ಬೆಣ್ಣೆ, ಮೊಟ್ಟೆ, ತಂಬಾಕು ಎಲ್ಲವನ್ನೂ ಮಾರಿದ. ನಾನು ಒಂದು ಮಾತೂ ಆಡದೆ ಅವರ ದೋಣಿ ರಿಪೇರಿ ಮಾಡಿದೆ. ಆಡುವುದು ಮಡಿ, ಉಂಬುವುದು ಮೈಲಿಗೆ ಅನ್ನುತ್ತಾರಲ್ಲ, ನಮ್ಮದು ಆಡದಿರುವುದೇ ಮಡಿ. ಆಮೇಲೆ ಕೆಂಪು ಉಣ್ಣೆಟೋಪಿ ಪ್ರತಿರೋಧದ ಗುರುತು, ಅದನ್ನು ಹಾಕಬಾರದು ಎಂದು ಅವರು ಕಾನೂನು ತಂದರು. ಟ್ಯಾಂಕು, ವಿಮಾನ ಇಟ್ಟುಕೊಂಡವರು ಅಜ್ಜಿಯರು ಹೆಣೆದ ಟೋಪಿಗೆ ಹೆದರಿದರು. ನಾವು ಹೆದರಿ ಟೋಪಿ ತೆಗೆದೆವು. ಎರಡು ಕಡೆಯವರ ಧೈರ್ಯವೂ ಸರಿಸಮ.

ಅವರಲ್ಲಿ ಹಾರ್ಮ್ಸ್ ಎಂಬ ಕಾರ್ಪೊರಲ್ ಒಬ್ಬನಿದ್ದ. ನಲವತ್ತೆಂಟರ ಆಸುಪಾಸು, ಬೋಳುತಲೆ, ಎರಡು ಮಂಡಿಗಳಲ್ಲೂ ವಾತ. ಉತ್ತರ ಜರ್ಮನಿಯ ಕರಾವಳಿಯಲ್ಲಿ ಇಟ್ಟಿಗೆ ಸುಡುತ್ತಿದ್ದವನು. ಸಪಾಟು ನೆಲದಲ್ಲಿ ಹುಟ್ಟಿದವನಿಗೆ ನಮ್ಮ ಬೆಟ್ಟ ಕಂಡರೆ ಅಳು ಬರುತ್ತಿತ್ತು. ಅವನ ಊರಿನ ಆಡುಮಾತು ನಮ್ಮ ಮಾತಿಗೆ ದೂರದ ನೆಂಟ, ಆದ್ದರಿಂದ ಬೇಗ ಕಲಿತ. ಮಾತಿನ ಜೊತೆಗೆ ನಮ್ಮ ನಡವಳಿಕೆಯನ್ನೂ ಕಲಿತ. ಬಾಗಿಲು ತಟ್ಟದೆ ಒಳಗೆ ಬರುವುದು, ಬಂದು ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂರುವುದು, ಉಂಡ ಮೇಲೆ ಉಪಕಾರ ಹೇಳುವುದು, ಯಾವುದನ್ನೂ ಬಿಟ್ಟಿರಲಿಲ್ಲ. ಮೂರು ವರ್ಷ ಕಳೆಯುವಷ್ಟರಲ್ಲಿ ಓರ್ವಿಕ್‌ನಲ್ಲೇ ಅತ್ಯಂತ ಮರ್ಯಾದಸ್ಥ ಮನುಷ್ಯ ಅವನಾಗಿದ್ದ. ಇದನ್ನೂ ನಾವು ಅವನ ಅಪರಾಧಗಳ ಜೊತೆಗೇ ಸೇರಿಸಿದೆವು.

ಅವನ ಮೇಲಧಿಕಾರಿ ಲೆಫ್ಟಿನೆಂಟ್ ವಿಟ್ಟಿಗ್. ಇಪ್ಪತ್ತಾರು ವರ್ಷದ ಹುಡುಗ. ನಾರ್ವೆಯವರ ರೀತಿನೀತಿಗಳ ಬಗ್ಗೆ ಒಂದು ಪುಸ್ತಕ ಓದಿದ್ದ. ಒಂದೇ ಪುಸ್ತಕ ಓದಿದವನಿಗೆ ಬರುವ ಆತ್ಮವಿಶ್ವಾಸ ಅವನಲ್ಲಿ ತುಂಬಿ ತುಳುಕುತ್ತಿತ್ತು. ಆದರೂ ದಡ್ಡನಲ್ಲ. ನಮ್ಮ ಮಾತು ಚೆನ್ನಾಗಿಯೇ ಅರ್ಥವಾಗುತ್ತಿತ್ತು.

ನಲವತ್ತಮೂರರ ಅಕ್ಟೋಬರಿನಲ್ಲಿ ಬೆಟ್ಟದಾಚೆ ರಸ್ತೆ ಕಡಿಯಲು ತಂದಿದ್ದ ರಷ್ಯನ್ ಕೈದಿಗಳ ಪೈಕಿ ಒಬ್ಬ ತಪ್ಪಿಸಿಕೊಂಡ. ಯೆಫಿಮ್ ಅವನ ಹೆಸರು. ನಮಗೆ ಅದೆಲ್ಲ ಗೊತ್ತಾದದ್ದು ಬಹಳ ತಡವಾಗಿ. ಆದರೆ ನಾವು ಮೋಸಹೋದಂತೆ ನೀವೂ ಹೋಗುವುದು ಬೇಡ, ಅದಕ್ಕೆ ಈಗಲೇ ಹೇಳುತ್ತಿದ್ದೇನೆ. ಅವನು ಬೆಟ್ಟ ಇಳಿದು ಕಂಡ ಮೊದಲ ಮನೆಯ ನೆಲಮಾಳಿಗೆಗೆ ನುಗ್ಗಿದ. ಅದು ಸೆವೆರೀನಾಳ ಮನೆ. ಬೆಳಿಗ್ಗೆ ಅವಳು ಆಲೂಗಡ್ಡೆ ತರಲು ಇಳಿದರೆ, ಮೂಲೆಯಲ್ಲಿ ಒಬ್ಬ ಎಲುಬಿನ ಹಂದರದಂಥವನು ಕೂತು ಹಸಿ ಆಲೂಗಡ್ಡೆ ಕಡಿಯುತ್ತಿದ್ದ. ಅವನು ರಷ್ಯದವನೆಂದಾಗಲಿ, ಅವನಿಗೆ ಆಶ್ರಯ ಕೊಟ್ಟರೆ ಗುಂಡಿಟ್ಟು ಕೊಂದು ಮನೆ ಸುಡುತ್ತಾರೆಂದಾಗಲಿ ಅವಳಿಗೆ ಆ ಹೊತ್ತಿಗೆ ತೋಚಲಿಲ್ಲವಂತೆ. ಅವನು ತಿನ್ನುತ್ತಿದ್ದದ್ದು ಬಿತ್ತನೆಗೆ ಎತ್ತಿಟ್ಟ ಆಲೂಗಡ್ಡೆ ಎಂಬುದೇ ಅವಳಿಗೆ ತಡೆಯಲಾಗದ ಸಿಟ್ಟು ತರಿಸಿತಂತೆ. ಕಿವಿ ಹಿಡಿದು ಮೇಲಕ್ಕೆ ಕರೆದುಕೊಂಡು ಬಂದು ಗಂಜಿ ಹಾಕಿದಳು. ಆಮೇಲೆ ಕುರಿದೊಡ್ಡಿಯ ಅಟ್ಟದಲ್ಲಿ ಹುಲ್ಲಿನ ಹಿಂದೆ ಅವನಿಗೆ ಜಾಗ ಮಾಡಿಕೊಟ್ಟಳು.

ಮನೆಮನೆ ಶೋಧ ನಡೆಯಿತು. ಬೆಟ್ಟದ ಮೇಲಿನ ಮನೆಗಳ ಪಾಳಿ ಹಾರ್ಮ್ಸ್‌ನದು. ಅವನು ನಮ್ಮ ಮನೆಯವರೆಗೆ ಬಂದು, ಒಲೆಯ ಪಕ್ಕ ಮಂಡಿ ಕಾಯಿಸಿಕೊಂಡು ಒಂದು ಗಂಟೆ ಕೂತ. ನಾವು ಎಂದಿನಂತೆ ಮಾತಾಡಲಿಲ್ಲ. ಕಿಟಕಿಯಿಂದ ಸೆವೆರೀನಾಳ ಮನೆಯ ಏರುದಾರಿ ನೋಡಿದ, ತನ್ನ ಮಂಡಿ ನೋಡಿಕೊಂಡ, ಜೇಬಿನಿಂದ ಕಾಗದ ತೆಗೆದು ‘ಶೋಧಿಸಲಾಯಿತು, ಏನೂ ಇಲ್ಲ’ ಎಂದು ಬರೆದು ಸಹಿ ಹಾಕಿ ಹೊರಟುಹೋದ. ಒಂದು ಜೀವ ಉಳಿಯಲು ಎಷ್ಟೋ ಸಲ ಒಳ್ಳೆಯತನ ಬೇಕಾಗುವುದಿಲ್ಲ, ವಾತ ಸಾಕು.

ಎರಡು ವಾರದ ನಂತರ ಅದೇ ಹಾರ್ಮ್ಸ್ ಮೊಟ್ಟೆಯ ಆಸೆಗೆ ಆ ಬೆಟ್ಟ ಹತ್ತಿದ. ಸೈನಿಕರು ಹೀಗೆ ಗುಟ್ಟಾಗಿ ತಂಬಾಕು ಕೊಟ್ಟು ಮೊಟ್ಟೆ ತೆಗೆದುಕೊಳ್ಳುವುದಕ್ಕೆ ನಿಷೇಧವಿತ್ತು, ಅದಕ್ಕೇ ಒಬ್ಬನೇ ಬಂದಿದ್ದ. ಮಧ್ಯಾಹ್ನ. ಕಲಿತ ಬುದ್ಧಿಯಂತೆ ಬಾಗಿಲು ತಟ್ಟದೆ ಒಳಗೆ ಬಂದ. ಮೇಜಿನ ಹತ್ತಿರ ಯೆಫಿಮ್ ಗಂಜಿಯ ಬಟ್ಟಲು ಹಿಡಿದು ಕೂತಿದ್ದಾನೆ, ಮೈಮೇಲೆ ಸೆವೆರೀನಾಳ ಸತ್ತ ಗಂಡನ ಸ್ವೆಟರ್, ಕಾಲಲ್ಲಿ ಕೈದಿಯ ಬೂಟು.

ಸೆವೆರೀನಾ ಒಬ್ಬಳೇ ಅಲ್ಲಾಡಿದಳು. ಊಟದ ಹೊತ್ತಿಗೆ ಹೊಸಲು ದಾಟಿ ಒಳಗೆ ಬಂದವನಿಗೆ ಬಡಿಸಬೇಕು, ಅದು ಅವಳಿಗೆ ಗೊತ್ತಿದ್ದ ಏಕೈಕ ಕಾನೂನು. ಕಪಾಟಿನಿಂದ ಮೂರನೆಯ ಬಟ್ಟಲು ತೆಗೆದು, ಗಂಜಿ ಹಾಕಿ, ನಡುವೆ ಬೆಣ್ಣೆಯ ಗುಳಿ ಮಾಡಿ, ಮೇಜಿನ ಮೇಲಿಟ್ಟಳು. ಹಾರ್ಮ್ಸ್ ಟೋಪಿ ತೆಗೆದು ಕೂತ. ಮೂವರೂ ಉಂಡರು. ಉಂಡು ಮುಗಿದ ಮೇಲೆ ಅವನು ಊಟಕ್ಕೆ ಉಪಕಾರ ಹೇಳಿ, ತಂಬಾಕಿನ ಪೊಟ್ಟಣ ಇಟ್ಟು, ಆರು ಮೊಟ್ಟೆ ಟೋಪಿಯೊಳಗೆ ಹಾಕಿಕೊಂಡು ಇಳಿದುಹೋದ.

ಅವನನ್ನು ಸಂತ ಮಾಡಲು ನಾನು ಹೊರಟಿಲ್ಲ. ಬಾಯಿಬಿಟ್ಟರೆ ಮೊದಲ ಪ್ರಶ್ನೆ ಬರುವುದು ಅವನ ಸಹಿಯ ಮೇಲೆಯೇ: ಶೋಧಿಸಿದ ಮನೆಯಲ್ಲಿ ರಷ್ಯನ್ ಎಲ್ಲಿಂದ ಬಂದ? ಸುಳ್ಳು ಸಹಿ ಹಾಕಿದವರನ್ನು ಆಗ ನೇರವಾಗಿ ರಷ್ಯದ ಯುದ್ಧರಂಗದ ಹಿಮಕ್ಕೆ ಕಳಿಸುತ್ತಿದ್ದರು. ಅವನಿಗೆ ತನ್ನ ಚರ್ಮ ಮುಖ್ಯ. ಅದರ ಜೊತೆಗೆ ಆ ಗಂಜಿಯೂ ಸ್ವಲ್ಪ ಕೆಲಸ ಮಾಡಿರಬಹುದು. ನಾನು ಆ ಗಂಜಿ ಉಂಡಿದ್ದೇನೆ, ನನಗೆ ಅನುಮಾನವಿಲ್ಲ.

ಇಲ್ಲಿಗೇ ನಿಂತಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಆದರೆ ಮುಂದಿನ ಶನಿವಾರ ಹಡಗು ಬಂತು.

ಶನಿವಾರದ ಅಂಚೆ ಹಡಗಿಗೆ ಇಡೀ ಊರು ಹಡಗುಕಟ್ಟೆಯ ಮೇಲೆ ಸೇರುತ್ತಿತ್ತು. ಯಾರಿಗೂ ಏನೂ ಬರುವುದಿರಲಿಲ್ಲ. ಬೇರೆಯವರಿಗೆ ಏನು ಬರುತ್ತದೆ ನೋಡಬೇಕಿತ್ತು. ಕಟ್ಟೆಯ ತುದಿಯಲ್ಲಿ ಹಾರ್ಮ್ಸ್ ನಿಂತು ಗುರುತಿನ ಚೀಟಿ ನೋಡುತ್ತಿದ್ದ, ಅವನ ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ವಿಟ್ಟಿಗ್ ಕೈಗವಸು ಬಿಗಿ ಮಾಡಿಕೊಳ್ಳುತ್ತಿದ್ದ. ನಾನು ಹಗ್ಗ ಹಿಡಿದು ಪಕ್ಕದಲ್ಲೇ ಇದ್ದೆ. ನನ್ನ ಹೆಂಡತಿ ಯೆರ್ಟೀನಾ ಇದ್ದಳು, ಅಂಗಡಿಯವನಿದ್ದ, ಒಟ್ಟು ಐವತ್ತು ಜನ, ಐವತ್ತೂ ಮುಖಗಳು ನಿಯಮದಂತೆ ಬೇರೆಲ್ಲೋ ನೋಡುತ್ತಿದ್ದವು. ಹಿಟ್ಟಿನ ಚೀಲ ತೆಗೆದುಕೊಳ್ಳಲು ಸೆವೆರೀನಾ ಬಂದಳು. ಚೀಟಿ ಮುಂದೆ ಚಾಚಿದಳು. ಹಾರ್ಮ್ಸ್ ತಲೆ ಎತ್ತಿದ. ಮುಖಕ್ಕೆ ಮುಖ ಸಿಕ್ಕಿತು.

“ಹೋದ ಸಲದ್ದಕ್ಕೆ ಉಪಕಾರ” ಅಂದಳು ಸೆವೆರೀನಾ.

“ನನ್ನಿಂದ್ಲೂ ಉಪಕಾರ” ಅಂದ ಹಾರ್ಮ್ಸ್.

ಹುಟ್ಟುಗುಣ ಸುಟ್ಟರೂ ಹೋಗದು. ಐವತ್ತೆರಡು ವರ್ಷ ನಾಲಗೆಯ ಮೇಲೆ ಕೂತಿದ್ದ ಮಾತು, ಅವಳನ್ನು ಕೇಳಿ ಬರಲಿಲ್ಲ. ಐವತ್ತು ಮುಖಗಳೂ ತಿರುಗಿದವು. ಮೂರೂವರೆ ವರ್ಷದ ಮೌನವ್ರತ ಮುರಿದದ್ದು ಇರಲಿ, ಅವಳು ಹೇಳಿದ ಮಾತಿನ ಅರ್ಥ ನಮ್ಮಲ್ಲಿ ಎಳೆಮಗುವಿಗೂ ಗೊತ್ತು: ಇವರಿಬ್ಬರೂ ಎಲ್ಲೋ ಒಂದು ಕಡೆ ಜೊತೆಗೆ ಕೂತು ಉಂಡಿದ್ದಾರೆ.

ಪುಸ್ತಕ ಓದಿದ್ದ ವಿಟ್ಟಿಗ್‌ಗೂ ಗೊತ್ತಿತ್ತು. ಅವನು ನಿಧಾನವಾಗಿ ಮುಂದೆ ಬಂದ. ಬೆಟ್ಟದ ಮೇಲಿನ ಒಂಟಿ ಮನೆ, ಆ ಮನೆಯನ್ನು ಶೋಧಿಸಿದ ಕಾರ್ಪೊರಲ್, ಇನ್ನೂ ಸಿಗದ ರಷ್ಯನ್. ಇವನ್ನೆಲ್ಲ ಕೂಡಿಸಲು ಒಬ್ಬ ಮನುಷ್ಯನಿಗೆ ಎಷ್ಟು ಹೊತ್ತು ಬೇಕು? ಹಾರ್ಮ್ಸ್‌ನ ಮುಖ ಸುಣ್ಣವಾಗಿತ್ತು. ಅವನು ಬಾಯಿ ತೆರೆದರೆ ಮೂವರೂ ಸತ್ತಂತೆ.

“ಯಾವ ಸಲದ್ದು?” ಎಂದು ವಿಟ್ಟಿಗ್ ಸೆವೆರೀನಾಳನ್ನೇ ಕೇಳಿದ. “ಇವನು ನಿನ್ನ ಮನೆಗೆ ಯಾಕೆ ಬಂದಿದ್ದ?”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಡಿದ್ದನ್ನು ನುಂಗಲು ಆಗದು. ಶೋಧಕ್ಕೆ ಬಂದಿದ್ದ ಎನ್ನುವಂತಿಲ್ಲ, ಶೋಧಕ್ಕೆ ಬಂದವನಿಗೆ ಯಾರೂ ಉಪಕಾರ ಹೇಳುವುದಿಲ್ಲ. ಮೊಟ್ಟೆಗೆ ಬಂದಿದ್ದ ಎಂದರೆ ಆ ಕ್ಷಣವೇ ಕೋಳಿಗೂಡು ನೋಡಲು ಹತ್ತು ಜನ ಬೆಟ್ಟ ಹತ್ತುತ್ತಾರೆ, ಗೂಡು ಇರುವುದು ಕುರಿದೊಡ್ಡಿಗೆ ಅಂಟಿಕೊಂಡು. ಅವಳ ಹತ್ತಿರ ಇದ್ದದ್ದು ಒಂದೇ ಒಂದು ಉತ್ತರ. ಅವಳು ಒಮ್ಮೆ ನಮ್ಮ ಕಡೆ ನೋಡಿದಳು. ಆಮೇಲೆ ಗದ್ದ ಎತ್ತಿ, ಹಡಗಿನವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು.

“ಒಂಟಿ ಹೆಂಗಸಿನ ಮನೆಗೆ ಗಂಡಸು ಯಾಕೆ ಬರ್ತಾನೆ ಅಂತ ಲೆಫ್ಟಿನೆಂಟರಿಗೆ ನಾನು ಹೇಳ್ಕೊಡ್ಬೇಕಾ?”

ವಿಟ್ಟಿಗ್ ಒಂದು ಕ್ಷಣ ಅವಳನ್ನು ನೋಡಿದ, ಬೋಳುತಲೆಯ ಹಾರ್ಮ್ಸ್‌ನನ್ನು ನೋಡಿದ, ಹೊಟ್ಟೆ ಹಿಡಿದುಕೊಂಡು ನಕ್ಕ. ಇಷ್ಟು ವರ್ಷದ ಮೇಲೆ ಈ ಊರಿನಲ್ಲಿ ಜರ್ಮನ್ ಸೈನ್ಯಕ್ಕೆ ದೊರೆತ ಮೊದಲ ಪ್ರೀತಿ ಅದು, ಅವನಿಗೆ ಸಂತೋಷವಾಗದೆ ಇರುತ್ತದೆಯೇ. ಹಾರ್ಮ್ಸ್‌ನ ಬೆನ್ನು ತಟ್ಟಿದ, ನಿಯಮ ಮುರಿದದ್ದಕ್ಕೆ ಮೂರು ದಿನ ಹೆಚ್ಚಿನ ಕಾವಲು ಹಾಕಿದ, ವಿಷಯ ಮುಗಿಸಿದ. ರಷ್ಯನ್ನನ ನೆನಪು ಅವನ ತಲೆಯಿಂದ ಹಾರಿಹೋಗಿತ್ತು.

ನಮ್ಮ ತಲೆಗೆ ಮಾತ್ರ ಹೊಸದೊಂದು ವಿಷಯ ಹತ್ತಿತು. ಯೆರ್ಟೀನಾ ಕಟ್ಟೆಯ ಮೇಲೆ ಉಗುಳಿದಳು. ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಸೆವೆರೀನಾಳಿಗೆ ದಾರಿ ಬಿಡಲು ಸರಿದದ್ದಲ್ಲ, ಅವಳ ಲಂಗದ ಅಂಚು ನನಗೆ ತಾಕಬಾರದು ಎಂದು. ಅವಳು ಹಿಟ್ಟಿನ ಚೀಲ ತಾನೇ ಎತ್ತಿ ಹೆಗಲಿಗೆ ಹಾಕಿಕೊಂಡು, ಐವತ್ತು ಜನರ ನಡುವೆ ನಡೆದುಹೋದಳು. ಅದಕ್ಕೆ ಮುಂಚೆ ಅವಳ ಚೀಲ ಹೊರಲು ಕನಿಷ್ಠ ಮೂವರು ಜಗಳಾಡುತ್ತಿದ್ದರು.

ಅಂದಿನಿಂದ ಊರು ಅವಳ ಪಾಲಿಗೆ ಮುಚ್ಚಿತು. ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾಗದು ಎಂದು ಗಾದೆ ಹೇಳುತ್ತದೆ. ನಮ್ಮ ಊರು ಎರಡನ್ನೂ ಮಾಡಿತು. ಅವಳ ಹಿಂದೆ ಬಾಯಿ ತೆರೆಯಿತು, ಎದುರಿಗೆ ಮುಚ್ಚಿತು. ಸೈನಿಕರ ಜೊತೆ ಮಾತಾಡದಿರುವುದು ನಮಗೆ ಅಭ್ಯಾಸವಾಗಿ ಹೋಗಿತ್ತು, ಅದರಲ್ಲಿ ರುಚಿ ಉಳಿದಿರಲಿಲ್ಲ. ಸೆವೆರೀನಾಳ ಜೊತೆ ಮಾತಾಡದಿರುವುದರಲ್ಲಿ ಹೊಸ ರುಚಿ ಸಿಕ್ಕಿತು. ಜರ್ಮನರ ಮೇಲೆ ಕಲ್ಲು ಹೊಡೆಯಲು ಆಗದವರು ಅವಳ ಕಿಟಕಿಗೆ ಹೊಡೆದರು. ಅಪಾಯವಿಲ್ಲದ ದೇಶಭಕ್ತಿ, ಅದೂ ಬೆಟ್ಟದ ಗಾಳಿಯಲ್ಲಿ, ಆರೋಗ್ಯಕ್ಕೂ ಒಳ್ಳೆಯದು.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಎಂದರೆ, ಅವಳನ್ನು ಅಡುಗೆಗೆ ಕರೆಯುವುದು ನಿಂತಿತು. ಮೊದಲು ಒಂದು ತೊಟ್ಟಿಲು ಹೋಯಿತು, ಆಮೇಲೆ ಒಂದು ಸಾವು, ಆಮೇಲೆ ಅವಳ ಸ್ವಂತ ಅಕ್ಕನ ಸಾವಿನ ಊಟ. ನಲವತ್ತನಾಲ್ಕರ ಜೂನಿನಲ್ಲಿ ನನ್ನ ಮಗಳು ಬೋರ್ಗಿಲ್‌ಳ ಮದುವೆ. ಬೋರ್ಗಿಲ್ ಹುಟ್ಟಿದಾಗ ಬಾಣಂತಿ ಗಂಜಿ ಕಾಯಿಸಿ ತಂದವಳು ಸೆವೆರೀನಾ, ಮದುವೆಯ ಗಂಜಿಯೂ ನನ್ನದೇ ಎಂದು ಅವತ್ತೇ ಹೇಳಿದ್ದಳು. ಅವಳು ಬರುವುದು ಬೇಡ ಎಂದು ಯಾರೂ ಹೇಳಿ ಕಳಿಸಲಿಲ್ಲ. ನಮ್ಮಲ್ಲಿ ಮುಖಕ್ಕೆ ಹೇಳುವುದು ಅಸಭ್ಯತೆ. ಸದ್ದಿಲ್ಲದೆ ಪಕ್ಕದ ಊರಿನಿಂದ ಬೇರೊಬ್ಬಳನ್ನು ಕರೆಸಿದೆವು. ಅವಳು ಗಂಜಿ ಸೀಯಿಸಿದಳು.

ಮದುವೆಯ ದಿಬ್ಬಣ ಚರ್ಚಿಗೆ ಹೋಗುವ ದಾರಿ ಸೆವೆರೀನಾಳ ಹೊಲದ ಕೆಳಗೇ ಹಾದುಹೋಗುತ್ತದೆ. ಅವಳು ಬೇಲಿಯ ಹತ್ತಿರ ನಿಂತಿದ್ದಳು, ಕೈಗಳು ಏಪ್ರನ್ನಿನ ಒಳಗೆ. ಪಿಟೀಲಿನವನು ಅವಳನ್ನು ಕಂಡು ತಡವರಿಸಿದ. ನಾನು ಜೋರಾಗಿ ನುಡಿಸು ಎಂದು ಅವನಿಗೆ ಸನ್ನೆ ಮಾಡಿದೆ. ಬೋರ್ಗಿಲ್ ತಲೆ ಎತ್ತಿದಳು, ಯೆರ್ಟೀನಾ ಅವಳ ಕೈ ಹಿಡಿದು ಎಳೆದಳು. ನಾನು ನನ್ನ ಬೂಟು ನೋಡಿಕೊಂಡು ನಡೆದೆ. ನನಗೆ ನಾಚಿಕೆಯಾಯಿತು. ಆಗ ಎಲ್ಲವೂ ಪಡಿತರದಲ್ಲಿ ಸಿಗುತ್ತಿದ್ದ ಕಾಲ, ನಾಚಿಕೆಯನ್ನೂ ನಾನು ಚೀಟಿಯಲ್ಲಿ ಬರೆದಷ್ಟೇ ಬಳಸಿದೆ.

ಈ ಹೊತ್ತಿಗೆಲ್ಲ ಯೆಫಿಮ್ ಅಟ್ಟದಲ್ಲೇ ಇದ್ದ. ಪಡಿತರದ ಒಬ್ಬರ ಹಿಟ್ಟಿನಲ್ಲಿ ಅವಳು ಇಬ್ಬರನ್ನು ಸಾಕಿದಳು. ಊರು ಅವಳ ಮನೆಯ ಕಡೆ ಸುಳಿಯದೆ ಇದ್ದದ್ದೇ ಅವನಿಗೆ ಕಾವಲಾಯಿತು, ಆ ಮಟ್ಟಿಗೆ ನಮ್ಮ ಬಹಿಷ್ಕಾರವೂ ಒಂದು ಜೀವ ಉಳಿಸಿತು ಎಂದು ಸನ್ಮಾನಪಟ್ಟಿಯಲ್ಲಿ ಇನ್ನೊಂದು ಸಾಲು ಸೇರಿಸಬಹುದು. ಹಾರ್ಮ್ಸ್ ಮತ್ತೆ ಹೋಗಲಿಲ್ಲ. ಆ ವರ್ಷದ ಚಳಿಗಾಲದಲ್ಲಿ ಅವನನ್ನು ಬೇರೆ ಕಡೆಗೆ ವರ್ಗ ಮಾಡಿದರು, ಏನಾದನೋ ತಿಳಿಯದು.

ನಲವತ್ತೈದರ ಮೇ ಎಂಟಕ್ಕೆ ಯುದ್ಧ ಮುಗಿಯಿತು. ಒಂಬತ್ತಕ್ಕೆ ಓರ್ವಿಕ್ ಯುದ್ಧಕ್ಕಿಳಿಯಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ, ಎಲ್ಲರ ತೋಳಿಗೂ ಪ್ರತಿರೋಧ ಪಡೆಯ ಪಟ್ಟಿ ಬಂತು, ಎಲ್ಲರ ಹುಲ್ಲಿನ ಮೆದೆಯಿಂದಲೂ ಬಚ್ಚಿಟ್ಟಿದ್ದ ನಿಷೇಧಿತ ರೇಡಿಯೋ ಹೊರಟಿತು. ಸೈನಿಕರ ಮೇಲೆ ಕೈಮಾಡುವಂತಿರಲಿಲ್ಲ, ಅವರ ಹತ್ತಿರ ಇನ್ನೂ ಬಂದೂಕು ಇತ್ತು. ಸೆವೆರೀನಾಳ ಹತ್ತಿರ ಇರಲಿಲ್ಲ. ಬೇರೆ ಊರುಗಳಲ್ಲಿ ಜರ್ಮನರ ಜೊತೆ ಓಡಾಡಿದ ಹುಡುಗಿಯರ ತಲೆ ಬೋಳಿಸುತ್ತಿದ್ದಾರೆ ಎಂಬ ಸುದ್ದಿ ಬಂದಿತ್ತು. ನಮ್ಮ ಊರಿನಲ್ಲಿ ಅಂಥ ಹುಡುಗಿಯರಿಲ್ಲದ ಕೊರತೆಗೆ ಐವತ್ತನಾಲ್ಕರ ಸೆವೆರೀನಾ ಸಾಕು ಎಂದು ತೀರ್ಮಾನವಾಯಿತು. ಹತ್ತು ಗಂಡಸರು ಬೆಟ್ಟ ಹತ್ತಿದೆವು. ಕತ್ತರಿ ಅಂಗಡಿಯವನ ಕೈಯಲ್ಲಿತ್ತು. ನಾನು ಯಾಕೆ ಹೋದೆ ಎಂದು ಕೇಳಿದರೆ, ಮಿತಿಮೀರದಂತೆ ನೋಡಿಕೊಳ್ಳಲು ಎಂದು ಇಪ್ಪತ್ತು ವರ್ಷದಿಂದ ಹೇಳುತ್ತಾ ಬಂದಿದ್ದೇನೆ. ನೋಡಲು ಹೋದೆ, ಅಷ್ಟೇ.

ಅಂಗಳಕ್ಕೆ ಬಂದು ನಿಂತೆವು. ಮೊದಲು ಯಾರು ಒಳಗೆ ಹೋಗುವುದು ಎಂದು ಒಬ್ಬರ ಮುಖ ಒಬ್ಬರು ನೋಡುತ್ತಿರುವಾಗ ಬಾಗಿಲು ತೆರೆಯಿತು. ಒಬ್ಬ ಎತ್ತರದ ಗಂಡಸು ಬಕೆಟ್ಟು ಮತ್ತು ನೆಲ ಒರೆಸುವ ಬಟ್ಟೆ ಹಿಡಿದು ಹೊರಗೆ ಬಂದ. ಮೈಮೇಲೆ ಸೆವೆರೀನಾಳ ಗಂಡನ ಭಾನುವಾರದ ಕೋಟು. ನಮ್ಮನ್ನು ಒಬ್ಬೊಬ್ಬರನ್ನಾಗಿ ಮೇಲಿನಿಂದ ಕೆಳಗೆ ನೋಡಿದ. ಆಮೇಲೆ ನಮ್ಮದೇ ಆಡುಮಾತಿನಲ್ಲಿ, ಸೆವೆರೀನಾಳದೇ ಗತ್ತಿನಲ್ಲಿ ಹೇಳಿದ.

“ಒಳಗೆ ಬರೋದಾದ್ರೆ ಕಾಲು ಒರೆಸ್ಕೊಂಡು ಬನ್ನಿ. ಈಗ ತಾನೆ ನೆಲ ತೊಳ್ದಿದೀನಿ.”

ಕೋಟಿನ ತೋಳಿನ ಮೇಲೆ ಕೈದಿಯ ಬಿಲ್ಲೆ ಹೊಲಿದಿತ್ತು. ಅವನನ್ನು ಕರೆದೊಯ್ಯಲು ಬರುವವರಿಗೆ ಗುರುತು ಸಿಗಲೆಂದು ಸೆವೆರೀನಾಳೇ ಹೊಲಿದದ್ದಂತೆ. ಆ ಬಿಲ್ಲೆಯ ಮೇಲಿನ ರಷ್ಯನ್ ಕೈದಿಯ ಗುರುತು ನೋಡಿದ ಮೇಲೆ ಯಾರಿಗೂ ಏನೂ ಬಿಡಿಸಿ ಹೇಳಬೇಕಾಗಲಿಲ್ಲ. ಕಟ್ಟೆಯ ಮೇಲಿನ ಆ ಶನಿವಾರ ಒಂದೇ ಸಲಕ್ಕೆ ಎಲ್ಲರ ತಲೆಯಲ್ಲೂ ಹಿಂದುಮುಂದಾಗಿ ತಿರುಗಿ ನಿಂತಿತು. ಸೆವೆರೀನಾ ಅವನ ಹಿಂದೆ ಬಂದು ನಿಂತಳು. ಅವಳ ಕಣ್ಣು ಅಂಗಡಿಯವನ ಕೈಯ ಮೇಲೆ ಹೋಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಎಂಬಂತೆ ಅವನು ಕತ್ತರಿಯನ್ನು ಬೆನ್ನ ಹಿಂದೆ ಸರಿಸಿ, ಕುರಿ ಉಣ್ಣೆ ಕತ್ತರಿಸೋ ಕಾಲ ಬಂತಲ್ಲ, ಒಬ್ಬಳೇ ಇದೀಯ, ಕೈ ಹಚ್ಚೋಣ ಅಂತ ಬಂದ್ವಿ ಎಂದು ತೊದಲಿದ.

ಸೆವೆರೀನಾ ದೊಡ್ಡಿಯ ಬಾಗಿಲು ತೋರಿಸಿದಳು.

ಹಾಗೆ ಸ್ವತಂತ್ರ ನಾರ್ವೆಯ ಮೊದಲ ದಿನ, ತೋಳಿಗೆ ಪಟ್ಟಿ ಕಟ್ಟಿಕೊಂಡ ಹತ್ತು ಜನ ಯೋಧರು ಏಳು ಕುರಿಗಳ ಉಣ್ಣೆ ಕತ್ತರಿಸಿದೆವು. ಅಂಗಡಿಯವನಿಗೆ ಉಣ್ಣೆ ಕತ್ತರಿಸಿ ಅಭ್ಯಾಸವಿರಲಿಲ್ಲ, ಒದೆ ತಿಂದ. ಕೆಲಸ ಮುಗಿದ ಮೇಲೆ ಅವಳು ನಮಗೆ ಗಂಜಿ ಕೊಡಲಿಲ್ಲ. ಅವಳ ಮನೆಯಿಂದ ಉಣ್ಣದೆ ಹೊರಟವರು ಅದಕ್ಕೆ ಮೊದಲು ಯಾರೂ ಇರಲಿಲ್ಲ.

ಯೆಫಿಮ್‌ನನ್ನು ಜುಲೈನಲ್ಲಿ ಹಡಗು ಹತ್ತಿಸಿ ಊರಿಗೆ ಕಳಿಸಿದರು. ಪತ್ರ ಬರೆಯುತ್ತೇನೆ ಎಂದಿದ್ದ. ಬರಲಿಲ್ಲ. ಅವಳು ಎಷ್ಟೋ ವರ್ಷ ಶನಿವಾರದ ಹಡಗಿಗೆ ಇಳಿದು ಬರುತ್ತಿದ್ದಳು, ಏನೂ ಬಂದಿಲ್ಲ ಎಂದು ಕೇಳಿಕೊಂಡು ಹತ್ತಿ ಹೋಗುತ್ತಿದ್ದಳು. ಸನ್ಮಾನಪಟ್ಟಿ ಬರೆಯಲು ಸಮಿತಿ ಕೂತಿತು. ನಾನೂ ಸದಸ್ಯ. ಸೆವೆರೀನಾಳ ಹೆಸರು ಬಂದಾಗ ಎಲ್ಲರೂ ತಲೆದೂಗಿದರು, ಆದರೆ ಅವಳೇ ಐವತ್ತು ಜನರ ಎದುರು ಹೇಳಿದ ಮಾತು ಕಡತದಲ್ಲಿ ಇದೆಯಲ್ಲ, ಸ್ಪಷ್ಟವಾಗುವ ತನಕ ಮುಂದೆ ಹಾಕೋಣ ಎಂದರು. ಮುಂದೆ ಹಾಕಿದ್ದು ಇಂದಿಗೂ ಮುಂದೆಯೇ ಇದೆ. ನಿಜ ಹೇಳುತ್ತೇನೆ. ಅವಳು ಆ ಜರ್ಮನ್ನನ ಜೊತೆ ಮಲಗಿದ್ದರೆ ನಾವು ಒಂದಲ್ಲ ಒಂದು ದಿನ ಕ್ಷಮಿಸುತ್ತಿದ್ದೆವು. ನಮ್ಮ ಕಣ್ಣೆದುರಿಗೇ ನಮಗಿಂತ ದೊಡ್ಡವಳಾದದ್ದನ್ನು ಕ್ಷಮಿಸಲು ಆಗಲಿಲ್ಲ.

ಅವಳನ್ನು ಮತ್ತೆ ಅಡುಗೆಗೆ ಕರೆದರು. ಕೈನೋವು ಎಂದಳು. ಆ ಕೈಯಲ್ಲೇ ಅವಳು ಸೌದೆ ಸೀಳುವುದು ನಮ್ಮ ಕಿಟಕಿಗೆ ಕಾಣುತ್ತಿತ್ತು.

ನಲವತ್ತೈದರ ಅಕ್ಟೋಬರಿನಲ್ಲಿ, ಬೋರ್ಗಿಲ್‌ಗೆ ಹೆರಿಗೆಯಾದ ಮರುದಿನ, ನಾನು ಒಬ್ಬನೇ ಬೆಟ್ಟ ಹತ್ತಿದೆ. ಬಾಣಂತಿ ಗಂಜಿ ಕೇಳುವ ನೆಪ. ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತೆ. ಅವಳು ಉಣ್ಣೆ ಬಾಚುತ್ತಿದ್ದಳು, ನಾವು ಅಡ್ಡಾದಿಡ್ಡಿ ಕತ್ತರಿಸಿದ ಉಣ್ಣೆ. ಬೋರ್ಗಿಲ್ ಚೆನ್ನಾಗಿದ್ದಾಳಾ ಎಂದು ಕೇಳಿದಳು, ಚೆನ್ನಾಗಿದ್ದಾಳೆ ಎಂದೆ. ಗಂಜಿ ನಾಳೆ ಕಳಿಸುತ್ತೇನೆ ಎಂದಳು. ಎದ್ದು ಹೊರಡಬಹುದಿತ್ತು. ಹೊರಡಲು ಆಗಲಿಲ್ಲ.

“ನಮಗೆ ಗೊತ್ತಿರ್ಲಿಲ್ಲ ಸೆವೆರೀನಾ” ಅಂದೆ. “ದೇವರಾಣೆ, ಯಾರಿಗೂ ಗೊತ್ತಿರ್ಲಿಲ್ಲ.”

ಅವಳು ತಲೆ ಎತ್ತಲಿಲ್ಲ. “ಆ ಲೆಫ್ಟಿನೆಂಟನಿಗೂ ಗೊತ್ತಿರ್ಲಿಲ್ಲ ಮಾರಾಯ. ಅದಕ್ಕೇ ಅವನು ಕೇಳ್ದ. ನಿಮ್ಮಲ್ಲಿ ಒಬ್ರೂ ಕೇಳ್ಲಿಲ್ಲ.”

“ಕೇಳಿದ್ರೆ ನಿಜ ಹೇಳ್ತಿದ್ಯಾ?”

“ನಿಜ ಹೇಗೆ ಹೇಳೋಕಾಗತ್ತೆ? ಒಂದು ಒಳ್ಳೇ ಸುಳ್ಳು ಹೇಳ್ತಿದ್ದೆ.” ಅವಳು ಉಣ್ಣೆಯನ್ನು ತೊಡೆಯ ಮೇಲೆ ಇಟ್ಟಳು. “ಯಾರಾದ್ರೂ ಬಂದು, ಸೆವೆರೀನಾ, ನೀನು ಅಂಥವಳಲ್ಲ, ಏನಾಯ್ತು ಅಂತ ಕೇಳಿದ್ರೆ ಹೇಳೋಕೆ ಅಂತ ಆ ಸುಳ್ಳನ್ನ ಚೆನ್ನಾಗಿ ಕಟ್ಟಿ ಇಟ್ಕೊಂಡಿದ್ದೆ. ಒಂದೂವರೆ ವರ್ಷ ಇಟ್ಕೊಂಡಿದ್ದೆ, ಸೀವರ್ಟ್.”

ಮಾರನೆಯ ದಿನ ಗಂಜಿ ಬಂತು, ಇಡೀ ಮನೆ ಉಂಡಿತು. ನಾನು ನನ್ನ ಬಟ್ಟಲನ್ನು ಮುಟ್ಟದೆ ಯೆರ್ಟೀನಾಳ ಕಡೆ ಸರಿಸಿದೆ.